ಸೇವಂತಿಯ ಪಿಗ್ಮಿ

೬ ಜನವರಿ ೨೦೨೫, ಸೋಮವಾರ

ಸುಳ್ಯ ತಾಲೂಕಿಗೆ ಮೊತ್ತಮೊದಲು ಕಂಪ್ಯೂಟರ್ ತಂದವನು ನಾನು. ಸರಕಾರಕ್ಕೆ ಇದು ಗೊತ್ತಿಲ್ಲ, ಯಾಕೆಂದರೆ ನಾನು ಹೇಳಿಲ್ಲ. ಪುತ್ತೂರಿನಿಂದ ತಲೆಯ ಮೇಲೆ ಹೊತ್ತುಕೊಂಡು ನಡೆದೇ ಬಂದಿದ್ದೆ. ದಾರಿಯಲ್ಲಿ ಎದುರಾದ ಒಂಟಿ ಸಲಗ ಅದನ್ನು ನೋಡಿ ಹೆದರಿ ಗುತ್ತಿಗಾರಿನ ಕಾಡು ಹತ್ತಿತು. ಈಗ ಅಲ್ಲಿ ಬಾಳೆ ಮುರಿಯುವುದು ಅದರ ಮೊಮ್ಮಕ್ಕಳು.

ಇಂಥ ನನಗೆ ಇವತ್ತು ಸೊಸೈಟಿಯಲ್ಲಿ ಮೆಷಿನ್ ಒತ್ತಲು ಕಲಿಸಿದರು. ಕಲಿಸಿದವಳು ಪ್ರೀತಿಕಾ, ನನ್ನ ಸ್ವಂತ ತಂಗಿಯ ಮಗಳು, ಶಾಖೆಯ ಮ್ಯಾನೇಜರ್. ಅವಳಿಗೆ ಒಂದರ ಮಗ್ಗಿ ಕಲಿಸಿದವನೇ ನಾನು. ಎರಡರ ಮಗ್ಗಿಯಿಂದ ಮುಂದಿನದ್ದು ಅವಳೇ ಕಲಿತಳು.

ಈ ಡೈರಿಯನ್ನೂ ಅಲ್ಲಿಯೇ ಕೊಟ್ಟರು. ಉಳಿದ ಪಿಗ್ಮಿ ಕಲೆಕ್ಟರುಗಳು ಇದನ್ನು ಹಾಲಿನ ಲೆಕ್ಕ ಬರೆಯಲು ಹೆಂಡತಿಗೆ ಕೊಡುತ್ತಾರೆ. ನಾನು ಬರೆಯುತ್ತೇನೆ. ಐವರ್ನಾಡು ಶಾಲೆಯಲ್ಲಿ ಏಳನೆಯವರೆಗೆ ಓದಿದವನ ಅಕ್ಷರ ಹೀಗಿರುತ್ತದೆ ಎಂದು ಲೋಕಕ್ಕೆ ತಿಳಿಯಲಿ.

ನನ್ನ ಕೆಲಸ ಪಿಗ್ಮಿ ವಸೂಲಿ. ಭಾನುವಾರ ಬಿಟ್ಟು ದಿನಾ ಜಾಲ್ಸೂರಿನ ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಐವತ್ತೋ ನೂರೋ ಪಡೆದು ಅವರವರ ಹೆಸರಿನಲ್ಲಿ ಸೊಸೈಟಿಗೆ ಕಟ್ಟುವುದು. ನೂರಕ್ಕೆ ಮೂರು ರೂಪಾಯಿ ನನಗೆ. ಇಷ್ಟು ವರ್ಷ ಪುಸ್ತಕದಲ್ಲಿ ಬರೆಯುತ್ತಿದ್ದೆ. ಇನ್ನು ಮೆಷಿನಿನಲ್ಲಿ ಒತ್ತಬೇಕಂತೆ. ಒತ್ತಿದ ತಕ್ಷಣ ಗಿರಾಕಿಯ ಮೊಬೈಲಿಗೆ ಮೆಸೇಜ್ ಹೋಗುತ್ತದಂತೆ.

“ಮಾವ, ತಪ್ಪು ಒತ್ತಿದ್ರೆ ಹಿಂದೆ ತೆಗಿಲಿಕ್ಕೆ ಆಗುದಿಲ್ಲ, ನೆನಪಿಡಿ” ಎಂದಳು ಪ್ರೀತಿಕಾ.

“ನಾನು ತಪ್ಪು ಮಾಡಿದ್ದನ್ನು ನೀನು ನೋಡಿದ್ದುಂಟಾ?”

“ಅತ್ತೆಯನ್ನು ಕೇಳ್ತೇನೆ” ಎಂದಳು. ಅಧಿಕಪ್ರಸಂಗಿ.

೧೭ ಜನವರಿ

ಮೆಷಿನ್ ಬಂದ ಮೇಲೆ ನನ್ನ ಬೆಲೆ ಏರಿದೆ. ಕಳೆದ ವಾರ ಜಿನಸಿನ ಅಂಗಡಿಯ ತ್ಯಾಂಪಣ್ಣನಿಗೆ ಇದರಲ್ಲಿ ಬಿಪಿಯೂ ತಿಳಿಯುತ್ತದೆ ಎಂದೆ. ಪಾಪ, ಹೆಬ್ಬೆರಳು ಒತ್ತಿದ. ಚೀಟಿ ಹೊರಗೆ ಬಂತು. “ನೂರು ತೋರಿಸ್ತದೆ ತ್ಯಾಂಪಣ್ಣ, ಉಪ್ಪು ಕಡಿಮೆ ಮಾಡಿ” ಎಂದೆ. ಮಧ್ಯಾಹ್ನ ಅವನ ಹೆಂಡತಿ ಫೋನ್ ಮಾಡಿ ನನಗೆ ಬೈದಳು. ಸಾರಿಗೆ ಉಪ್ಪು ಹಾಕಲು ಬಿಡಲಿಲ್ಲವಂತೆ.

ಆದರೆ ಅದೇ ತ್ಯಾಂಪಣ್ಣ ನಿನ್ನೆ ನನ್ನನ್ನು ಸ್ವಲ್ಪ ಆಟ ಆಡಿಸಿದ. ನಮ್ಮ ಕಸುಬಿನಲ್ಲಿ ‘ಹಾಕಿಡುವುದು’ ಎಂದೊಂದು ಕ್ರಮ ಇದೆ. ಅಂಗಡಿಯವನು ಊರಲ್ಲಿಲ್ಲದಿದ್ದರೆ, ವ್ಯಾಪಾರ ಆಗದಿದ್ದರೆ, “ಹಾಕಿಡಿ, ನಾಳೆ ಕೊಡ್ತೇನೆ” ಎನ್ನುತ್ತಾನೆ. ಕಲೆಕ್ಟರ್ ತನ್ನ ಕಿಸೆಯಿಂದ ಕಟ್ಟುತ್ತಾನೆ. ಹಳೆಯ ಪುಸ್ತಕದಲ್ಲಿ ಅಂಥವರ ಹೆಸರಿನ ಎದುರು ಪೆನ್ಸಿಲಿನಲ್ಲಿ ಚುಕ್ಕಿ ಇಡುತ್ತಿದ್ದೆ. ಕೊಟ್ಟ ಮೇಲೆ ಉಜ್ಜುತ್ತಿದ್ದೆ. ಮೆಷಿನಿನಲ್ಲಿ ಚುಕ್ಕಿ ಇಡಲು ಜಾಗವೇ ಇಲ್ಲ.

ಸೋಮವಾರ ತ್ಯಾಂಪಣ್ಣನಿಗೆ ಹಾಕಿಟ್ಟಿದ್ದೆ. ನಿನ್ನೆ ಕೇಳಿದರೆ ಮೊಬೈಲ್ ಎತ್ತಿ ತೋರಿಸುತ್ತಾನೆ. “ನೋಡು ಮಹಾಬಲ, ‘ನೂರು ರೂಪಾಯಿ ಸ್ವೀಕರಿಸಲಾಗಿದೆ, ಧನ್ಯವಾದ’ ಅಂತ ಉಂಟು. ನಾನು ಕೊಡದೆ ನೀನು ಸ್ವೀಕರಿಸಿದ್ದು ಹೇಗೆ ಮಾರಾಯ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಕೊಟ್ಟ. ಉಪ್ಪಿನ ಸೇಡು.

ಸೇವಂತಿಯ ಹೋಟೆಲಿನಲ್ಲಿ ಇದನ್ನು ಹೇಳಿದೆ. ಬಸ್‌ಸ್ಟ್ಯಾಂಡಿನ ಎದುರು ಅವಳ ಹೋಟೆಲು, ನಾಲ್ಕು ಮೇಜು. ದಿನಾ ನೂರೈವತ್ತು ಕಟ್ಟುತ್ತಾಳೆ, ಒಂದು ದಿನವೂ ತಪ್ಪಿಸಿದವಳಲ್ಲ. ಗಲ್ಲಾದಿಂದ ನೋಟು ತೆಗೆಯುತ್ತಾ “ಇವತ್ತಿನ ಸುಳ್ಳು ಎಂತದು ಮಹಾಬಲಣ್ಣ?” ಎಂದು ಕೇಳುವುದು ಅವಳ ಅಭ್ಯಾಸ. ಒಳ್ಳೆಯದಾದರೆ ಚಹಾಕ್ಕೆ ದುಡ್ಡಿಲ್ಲ. ಹಳತಾದರೆ ಹತ್ತು ರೂಪಾಯಿ ಇಡಬೇಕು.

ತ್ಯಾಂಪಣ್ಣನ ಕಥೆ ಕೇಳಿ, “ಇದು ನಿಜ ನಡೆದದ್ದು, ಇದಕ್ಕೆ ಚಹಾ ಇಲ್ಲ” ಎಂದಳು.

೧೦ ಫೆಬ್ರವರಿ

ಸೇವಂತಿಗೆ ಎರಡು ದಿನದಿಂದ ತಲೆ ತಿರುಗುತ್ತದಂತೆ. ಪುತ್ತೂರಿನ ಆಸ್ಪತ್ರೆಗೆ ಹೊರಟಿದ್ದಳು. ಹೋಟೆಲಿನ ಬಾಗಿಲು ಎಳೆಯುತ್ತಾ ಬಸ್ಸಿಗೆ ಕೈ ತೋರಿಸುತ್ತಾ ಒಟ್ಟೊಟ್ಟಿಗೆ ಮಾತಾಡಿದಳು.

“ಹಾಕಿಡಿ ಮಹಾಬಲಣ್ಣ. ಬಂದು ಕೊಡ್ತೇನೆ. ತಪ್ಪಿಸ್ಬೇಡಿ ಆಯ್ತಾ? ಇಷ್ಟು ವರ್ಷ ತಪ್ಪಿಸ್ಲಿಲ್ಲ.”

“ನೀವು ಹೋಗಿ ಬನ್ನಿ. ಆ ಆಸ್ಪತ್ರೆ ಕಟ್ಟುವಾಗ ಮೊದಲ ಕಲ್ಲು ಇಟ್ಟವನು ನಾನೇ. ನನ್ನ ಹೆಸರು ಹೇಳಿದ್ರೆ ಚೀಟಿ ಇಲ್ಲದೆ ಒಳಗೆ ಬಿಡ್ತಾರೆ.”

“ಹೆಸರು ಹೇಳಿದ್ರೆ ಇಬ್ಬರನ್ನೂ ಹೊರಗೆ ಹಾಕ್ತಾರೆ” ಎಂದು ಬಸ್ಸು ಹತ್ತಿದಳು.

ನೂರೈವತ್ತು ಹಾಕಿಟ್ಟೆ.

೨೪ ಫೆಬ್ರವರಿ

ಅವಳಿಗೆ ಆಸ್ಪತ್ರೆಯಲ್ಲಿಯೇ ಲಕ್ವ ಹೊಡೆಯಿತು. ಬಲಗಡೆ ಬಿದ್ದಿದೆ, ಮಾತು ಹೋಗಿದೆ. ಮಗಳು ಭವಿತಾ ಕಡಬದಲ್ಲಿ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಾಳೆ. ಹೋಟೆಲಿಗೆ ಬೀಗ.

ಸೊಸೈಟಿಯಲ್ಲಿ ಇವತ್ತು ಮೀಟಿಂಗ್. ಇನ್ನು ಮೆಷಿನಿನಲ್ಲಿ ಗಿರಾಕಿಗಳಿಗೆ ಬಣ್ಣ ಬರುತ್ತದೆ. ಸರಿಯಾಗಿ ಕಟ್ಟುವವರು ಹಸಿರು. ಹತ್ತು ದಿನ ತಪ್ಪಿದರೆ ಕೆಂಪು. ಕೆಂಪು ಜಾಸ್ತಿ ಇರುವ ಲೈನನ್ನು ಕಲೆಕ್ಟರಿನ ಕೈಯಿಂದ ತೆಗೆದು ಆ್ಯಪಿಗೆ ಹಾಕುತ್ತಾರೆ.

ನನ್ನ ಲೈನು ಪೂರ್ತಿ ಹಸಿರು. ಭತ್ತದ ಗದ್ದೆಯ ಹಾಗೆ. ಪ್ರೀತಿಕಾ ಎಲ್ಲರ ಎದುರು ಹೇಳಿದಳು. ಇದನ್ನು ಕೆಡಿಸಲು ನಾನೇನು ಹುಚ್ಚನೇ? ಅದಕ್ಕೇ ಸೇವಂತಿಯದ್ದು ದಿನಾ ಹಾಕಿಡುತ್ತಿದ್ದೇನೆ. ಬೇರೆ ಕಾರಣ ಇಲ್ಲ. ಗುಣವಾಗಿ ಬಂದು ಕೊಡುತ್ತಾಳೆ, ಇಲ್ಲದಿದ್ದರೆ ಮಗ ರೂಪೇಶ್ ಇದ್ದಾನೆ. ಅವನು ಕಾಸರಗೋಡು ಬಸ್ಸಿನಲ್ಲಿ ಕಂಡಕ್ಟರ್. ಖಾತೆಯಲ್ಲಿರುವುದು ಅವನದೇ ನಂಬರ್, ಮೆಸೇಜ್ ಹೋಗುವುದೂ ಅವನಿಗೇ. ತಿಳಿಯದೆ ಇರುತ್ತದೆಯೇ?

೧೫ ಮಾರ್ಚ್

ಹೆಂಡತಿ ದಮಯಂತಿಯ ವಸಡು ಒಣಗಿದೆ. ಡಿಸೆಂಬರಿನಲ್ಲಿ ಹಲ್ಲುಗಳನ್ನೆಲ್ಲ ತೆಗೆಸಿದ್ದು. ಇನ್ನು ಕಟ್ಟು ಹಲ್ಲಿನ ಸೆಟ್ ಮಾಡಿಸಬಹುದು ಎಂದು ಪುತ್ತೂರಿನ ಡಾಕ್ಟರ್ ಹೇಳಿದ್ದಾರೆ. ಹದಿನೈದು ಸಾವಿರ ಎಂದು ಆಗಲೇ ಮಾತಾಡಿದ್ದು.

“ಈ ತಿಂಗಳು ಹೋಗುವಾ?” ಎಂದು ಕೇಳಿದಳು.

“ಮೆಷಿನ್ ಬಂದ ಮೇಲೆ ಕಮಿಷನ್ ಕಮ್ಮಿ ಮಾಡಿದ್ದಾರೆ ಮಾರಾಯ್ತಿ. ಬರುವ ತಿಂಗಳು.”

“ಪ್ರೀತಿಕಾ ಹೇಳ್ಲೇ ಇಲ್ಲ.”

“ಅವಳಿಗೆ ಎಂತ ಗೊತ್ತು? ಅವಳು ಬರೀ ಮ್ಯಾನೇಜರ್.”

ದಮಯಂತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈಗ ಅವಳು ನಗುವುದು ಹಾಗೆಯೇ. ಊಟಕ್ಕೆ ಗಂಜಿ, ಬೇಯಿಸಿ ಹಿಸುಕಿದ ಬಾಳೆಕಾಯಿ.

ಸೇವಂತಿಯದ್ದು ಎಷ್ಟಾಯಿತು ಎಂದು ನೋಡಿದೆ. ಸುಮಾರು ಎರಡು ಸಾವಿರ ಇರಬಹುದು. ಹೆಚ್ಚೇನಿಲ್ಲ.

೨ ಏಪ್ರಿಲ್

ರೂಪೇಶನ ಬಸ್ಸು ಸಿಕ್ಕಿತು. ಸಿಕ್ಕಿತು ಎಂದರೆ ಎದುರಿನಿಂದ ಹೋಯಿತು. ಜನ ತುಂಬಿದ್ದರು. ಅವನು ಹಿಂಬಾಗಿಲಿನಲ್ಲಿ ನೇತಾಡುತ್ತಾ ನನ್ನನ್ನು ಕಂಡು ಕೂಗಿದ. “ಮಹಾಬಲಣ್ಣ, ಮೆಸೇಜ್ ದಿನಾ ಬರ್ತಾ ಉಂಟು!” ಎಂದು ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ಎತ್ತಿದೆ. ಬಸ್ಸು ಹೋಯಿತು.

ಅಂದರೆ ಅವನಿಗೆ ತಿಳಿದಿದೆ. ಲೆಕ್ಕ ಇಟ್ಟುಕೊಂಡಿದ್ದಾನೆ. ಒಳ್ಳೆಯದಾಯಿತು.

ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಯ ಮಿದ್ಲಾಜ್ ಕರೆದ, ಜೊತೆಗೆ ಅವನ ಚಿಕ್ಕಪ್ಪ. “ಅಣ್ಣ, ಆನೆಯದ್ದು ಹೇಳಿ. ಕಂಪ್ಯೂಟರ್ ನೋಡಿ ಓಡಿದ್ದು. ನಮ್ಮ ಸಣ್ಣಾಪಾಗೆ ಕೇಳ್ಬೇಕಂತೆ.” ಕೆಲಸ ಇದೆ ಎಂದೆ.

೨೩ ಏಪ್ರಿಲ್

ಬಿಸಿಲು. ವಸೂಲಿ ಸರಿ ಆಯಿತು. ಕೊನೆಗೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತು ಸೇವಂತಿಯದ್ದು ಒತ್ತಿದೆ. ಅದನ್ನು ಯಾವಾಗಲೂ ಕೊನೆಗೆ ಒತ್ತುವುದು. ಚೀಟಿ ಬಂತು. ಕೊಡಲು ಯಾರೂ ಇಲ್ಲದ್ದರಿಂದ ಕಿಸೆಗೆ ಹಾಕಿದೆ.

ಚಹಾ ಕುಡಿಯುವುದು ಬಿಟ್ಟಿದ್ದೇನೆ. ಹೊಟ್ಟೆಗೆ ಒಳ್ಳೆಯದಂತೆ.

೧೧ ಮೇ, ಭಾನುವಾರ

ಕಡಬಕ್ಕೆ ಹೋಗಿದ್ದೆ. ಹಣದ ವಿಷಯ ಒಮ್ಮೆ ಭವಿತಾಳ ಕಿವಿಗೆ ಹಾಕಿ ಬರುವುದು ಒಳ್ಳೆಯದು ಎಂದು. ಬಸ್ಸಿನಲ್ಲಿ ಸೇವಂತಿಗೆ ಹೇಳಲು ಒಂದು ಒಳ್ಳೆಯದನ್ನು ತಯಾರು ಮಾಡಿಕೊಂಡಿದ್ದೆ.

ನಡುಕೋಣೆಯಲ್ಲಿ ಮಂಚ. ಸೇವಂತಿ ಗುರುತು ಸಿಗದಷ್ಟು ಸಪೂರ ಆಗಿದ್ದಾಳೆ. “ಅಮ್ಮ, ಯಾರು ಬಂದದ್ದು ನೋಡಿ, ಜಾಲ್ಸೂರಿನ ಮಹಾಬಲಣ್ಣ” ಎಂದು ಭವಿತಾ ಕಿವಿಯ ಹತ್ತಿರ ಹೇಳಿದಳು. ಕಣ್ಣು ನನ್ನ ಮೇಲೆ ಬಂತು. ಅಲ್ಲಿಯೇ ನಿಂತಿತು. ಗುರುತು ಹಿಡಿದಳೋ ಇಲ್ಲವೋ ಗೊತ್ತಿಲ್ಲ.

“ನಿಮ್ಮ ಹಸಿರು ಹಾಗೇ ಉಂಟು” ಎಂದೆ. ಅದು ಅವಳಿಗೆ ಹೇಗೆ ಅರ್ಥವಾಗಬೇಕು? ಬಣ್ಣ ಬರುವ ಮೊದಲೇ ಬಿದ್ದವಳು.

ಭವಿತಾ ಹಲಸಿನ ಹಣ್ಣು ಕೊಟ್ಟಳು. ತಿಂದೆ. “ಔಷಧಿಗೇ ಎಲ್ಲ ಹೋಗ್ತಾ ಉಂಟು ಅಣ್ಣ” ಎಂದಳು. ಹಣದ ವಿಷಯ ಎತ್ತಲಿಲ್ಲ. ತಯಾರು ಮಾಡಿದ್ದನ್ನೂ ಹೇಳಲಿಲ್ಲ. ಈಗ ಅದು ನೆನಪಿಗೂ ಬರುವುದಿಲ್ಲ.

೨೯ ಮೇ

ದಮಯಂತಿ ಕೇಳಿದಳು, “ನಿಮಗೆ ಮೈಯಲ್ಲಿ ಸರಿ ಇಲ್ವಾ?”

“ಯಾಕೆ?”

“ಈಗ ನೀವು ಸುಳ್ಳೇ ಹೇಳುದಿಲ್ಲ. ಎರಡು ತಿಂಗಳಾಯ್ತು. ಒಮ್ಮೆ ಡಾಕ್ಟರಿಗೆ ತೋರಿಸಿ.”

ಮೈಗೇನೂ ಆಗಿಲ್ಲ. ಕೆಲಸ ಜಾಸ್ತಿ, ಅಷ್ಟೇ.

ಸೆಟ್ಟಿನ ವಿಷಯ ಅವಳು ಈಗ ಕೇಳುವುದಿಲ್ಲ.

೧೨ ಜೂನ್

ಸೊಸೈಟಿಯ ನೋಟೀಸ್ ಬಂತು. ಜುಲೈ ಒಂದರಿಂದ ಪಿಗ್ಮಿ ಪೂರ್ತಿ ಆ್ಯಪಿನಲ್ಲಿ. ಗಿರಾಕಿಯ ಬ್ಯಾಂಕ್ ಖಾತೆಯಿಂದ ದಿನಾ ತನ್ನಿಂದ ತಾನೇ ಹೋಗುತ್ತದೆ. ಕಲೆಕ್ಟರುಗಳು ಬೇಡ. ಹಸಿರು ಲೈನು, ಕೆಂಪು ಲೈನು ಎಂದಿಲ್ಲ, ಎಲ್ಲವೂ.

ಗುತ್ತಿಗಾರಿನ ಕಲೆಕ್ಟರ್ ಎದ್ದು ಜೋರು ಮಾಡಿದ. ಎಲ್ಲರೂ ನನ್ನ ಮುಖ ನೋಡಿದರು, ಮಾತಾಡುವವನು ನಾನಲ್ಲವೇ. ನಾನು ತಲೆ ಎತ್ತಿ ನೋಡಿದೆ. ಗೋಡೆಯಲ್ಲಿದ್ದ ಫ್ಯಾನಿನ ರೆಕ್ಕೆಗೆ ಧೂಳು ಹಿಡಿದಿತ್ತು.

ಕಡೆಗೆ ಪ್ರೀತಿಕಾ ಒಂದು ಉಪಕಾರದ ಮಾತು ಹೇಳಿದಳು. ಯಾರಾದರೂ ಗಿರಾಕಿಗಳ ಪರವಾಗಿ ಕೈಯಿಂದ ಹಾಕಿಟ್ಟದ್ದು ಬಾಕಿ ಇದ್ದರೆ, ಗಿರಾಕಿಯೋ ನಾಮಿನಿಯೋ ಒಪ್ಪಿ ಸಹಿ ಹಾಕಿದ ಕಾಗದ ತಂದರೆ ಸಾಕು. ಅವರ ಖಾತೆಯಿಂದ ಕಲೆಕ್ಟರಿಗೆ ಹಿಂದೆ ಕೊಡುತ್ತಾರೆ. ಜೂನ್ ಮೂವತ್ತರ ಒಳಗೆ. ಆಮೇಲೆ ಆಗುವುದಿಲ್ಲ.

ಸೇವಂತಿಯ ಖಾತೆಗೆ ನಾಮಿನಿ ರೂಪೇಶ್, ಅವನ ಕೈಯಲ್ಲಿ ಸಹಿ ಹಾಕಿಸಬೇಕು. ದಮಯಂತಿಗೆ ಹೇಳಿದೆ. “ಒಬ್ಬರಿಂದ ಸ್ವಲ್ಪ ಬರ್ಲಿಕ್ಕುಂಟು. ಬಂದ ಕೂಡಲೇ ನಿನ್ನ ಹಲ್ಲು.”

“ಸ್ವಲ್ಪ ಅಂದ್ರೆ ಎಷ್ಟು?”

“ಐದು ಸಾವಿರ ಆಗಬಹುದು.”

“ಐದು ಸಾವಿರಕ್ಕೆ ಕೆಳಗಿನ ಸಾಲೂ ಬರುದಿಲ್ಲ” ಎಂದು ನಕ್ಕಳು. ಈ ಸಲ ಕೈ ಅಡ್ಡ ಹಿಡಿಯಲು ಮರೆತಳು.

೨೦ ಜೂನ್

ಸೇವಂತಿ ಬೆಳಿಗ್ಗೆ ತೀರಿಕೊಂಡಳು.

ಕಡಬಕ್ಕೆ ಹೋಗಿ ಬಂದೆ. ಎಂಟು ಅಂಗಡಿ ಬಾಕಿಯಾಯಿತು.

೨೧ ಜೂನ್

ಸಂಜೆ ಕಟ್ಟೆಯಲ್ಲಿ ಕೂತು ಮೆಷಿನ್ ತೆಗೆದೆ. ಅವಳ ಹೆಸರಿನವರೆಗೆ ಹೋಗಿ ನಿಲ್ಲಿಸಿದೆ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಮಿದ್ಲಾಜ್ ಅಂಗಡಿ ಮುಚ್ಚಿ ಬಂದು, “ಅಣ್ಣ, ಬೈಕಲ್ಲಿ ಬಿಡ್ಬೇಕಾ?” ಎಂದು ಕೇಳಿದ. ಬೇಡ ಎಂದೆ. ಆಮೇಲೆ ಬಿಡು ಎಂದೆ.

೨೮ ಜೂನ್, ಶನಿವಾರ

ಕಾಗದ ಬರೆದು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ರೂಪೇಶ್ ಹೋಟೆಲಿನ ಬೀಗ ತೆಗೆದು ಮೇಜು ತೊಳೆಯುತ್ತಿದ್ದ. ತಲೆ ಬೋಳಿಸಿದ್ದ. ಬಸ್ಸಿನ ಕೆಲಸ ಬಿಡುತ್ತಾನಂತೆ. ತಾಯಿಯ ಪಿಗ್ಮಿ ಹಣ ಬರುತ್ತದೆ, ಅದರಲ್ಲಿ ಹೋಟೆಲು ಪುನಃ ಶುರು ಮಾಡುತ್ತೇನೆ ಎಂದ. ನಾನು ಒಳ್ಳೆಯದು ಎಂದೆ. ಚೀಲದೊಳಗೆ ಕೈ ಹಾಕಿದೆ.

“ಮಹಾಬಲಣ್ಣ, ನಿಮ್ಮತ್ರ ಒಂದು ಕೇಳ್ಬೇಕಂತ ಇದ್ದೆ” ಎಂದ. “ಅಮ್ಮ ಆಸ್ಪತ್ರೆಗೆ ಹೋಗುವಾಗ ಒಟ್ಟಿಗೇ ನಿಮ್ಮ ಕೈಯಲ್ಲಿ ಕೊಟ್ಟು ಹೋಗಿದ್ರಾ? ಅಕ್ಕನತ್ರ ಕೇಳಿದೆ, ಅವಳು ಕಳಿಸ್ಲಿಲ್ವಂತೆ.”

ಏನು ಕೇಳುತ್ತಿದ್ದಾನೆ ಎಂದು ಮೊದಲು ತಿಳಿಯಲಿಲ್ಲ.

“ಪಿಗ್ಮಿಯದ್ದು” ಎಂದ. “ಮಾತು ಹೋದ ಮೇಲೆ ಅಕ್ಕ ಫೋನನ್ನು ಅಮ್ಮನ ಕಿವಿಗೆ ಹಿಡಿತಿದ್ಲು. ನಾನು ಅಮ್ಮಾ ಅಮ್ಮಾ ಅಂತ ಬೊಬ್ಬೆ ಹೊಡಿತಿದ್ದೆ, ಆಚೆಯಿಂದ ಬರೀ ಉಸಿರು. ಕಡಬಕ್ಕೆ ಹೋಗ್ಲಿಕ್ಕೆ ವಾರಕ್ಕೊಂದು ರಜೆ. ಆದ್ರೆ ಸಂಜೆ ಬಸ್ಸು ಮುಳ್ಳೇರಿಯ ದಾಟುವಾಗ ಮೆಸೇಜ್ ಬರ್ತಿತ್ತಲ್ಲ, ನೂರೈವತ್ತು ಸ್ವೀಕರಿಸಲಾಗಿದೆ ಅಂತ. ಆಗ ಒಂದು ಸಮಾಧಾನ ಮಾರಾಯ್ರೆ. ಅಮ್ಮ ಅಷ್ಟು ಬಿದ್ದಲ್ಲಿಯೂ ನನ್ನ ಹೆಸರಿಗೆ ಅಂತ ಕಟ್ಟಿಸ್ತಾ ಇದ್ದಾರೆ, ಎಂತದೂ ಮರೀಲಿಲ್ಲ ಅಂತ. ಆ ಮೆಸೇಜ್ ನೋಡಿದ ಮೇಲೆಯೇ ನನಗೆ ನಿದ್ದೆ ಬರ್ತಿದ್ದದ್ದು. ತೀರಿಹೋದ ದಿನ ಬರ್ಲಿಲ್ಲ ನೋಡಿ. ಆಗ ಗೊತ್ತಾಯ್ತು ನನಗೆ, ಅಮ್ಮ ಹೋದದ್ದು ಹೌದು ಅಂತ.”

ಅವನು ಮೇಜಿನ ಮೇಲೆ ಬಟ್ಟೆ ಹಾಗೆಯೇ ಒತ್ತಿ ಹಿಡಿದು ನಿಂತಿದ್ದ. ಬಟ್ಟೆಯಿಂದ ನೀರು ಇಳಿಯುತ್ತಿತ್ತು.

“ಕೊಟ್ಟು ಹೋಗಿದ್ರಾ ನಿಮ್ಮತ್ರ?” ಎಂದು ಪುನಃ ಕೇಳಿದ.

“ಕೊಟ್ಟಿದ್ದರು” ಎಂದೆ. “ಒಟ್ಟಿಗೇ.”

“ನನಗೆ ಗೊತ್ತಿತ್ತು!” ಎಂದ. “ಅಕ್ಕಿ ಡಬ್ಬಿಯಲ್ಲಿ ದುಡ್ಡು ಅಡಗಿಸಿ ಇಡ್ತಿದ್ರು. ಬರುವಾಗ ನೋಡಿದ್ರೆ ಡಬ್ಬಿ ಖಾಲಿ.” ನಗುತ್ತಿದ್ದನೋ ಅಳುತ್ತಿದ್ದನೋ, ಎರಡೂ ಇತ್ತು. ಆಮೇಲೆ ಹೇಳಿದ, “ಅದ್ರಲ್ಲಿ ಏನಾದ್ರೂ ಹೆಚ್ಚು ಉಳಿದಿದ್ರೆ ನೀವೇ ಇಟ್ಕೊಳ್ಳಿ ಅಣ್ಣ. ತಿರುಗಿ ಕೊಡ್ಲಿಕ್ಕೆಲ್ಲ ಬರ್ಬೇಡಿ.”

ಸರಿ ಎಂದೆ. ಚೀಲ ಮುಚ್ಚಿದೆ.

೩೦ ಜೂನ್, ಸೋಮವಾರ

ಮೆಷಿನ್ ಹಿಂದೆ ಕೊಟ್ಟೆ. ಅದರ ಬ್ಯಾಗು ಹರಿದಿದ್ದಕ್ಕೆ ಏನೂ ಹೇಳಲಿಲ್ಲ.

“ಮಾವ, ಕಾಗದ ಎಲ್ಲಿ?” ಎಂದಳು ಪ್ರೀತಿಕಾ.

“ಯಾವ ಕಾಗದ?”

“ಸೇವಂತಕ್ಕಂದು. ಹೋಟೆಲಿಗೆ ಬೀಗ, ಖಾತೆ ಹಸಿರು. ನನಗೆ ತಿಳಿಯುದಿಲ್ವಾ? ಇವತ್ತು ಸಂಜೆಯವರೆಗೆ ಟೈಮ್ ಉಂಟು. ನಾಳೆ ರೂಪೇಶನಿಗೆ ಪೂರ್ತಿ ಹಣ ಹೋಗ್ತದೆ. ಆಮೇಲೆ ನಾನಲ್ಲ, ಯಾರು ಬಂದ್ರೂ ಆಗುದಿಲ್ಲ.”

“ಅವಳು ಮುಂಗಡ ಕೊಟ್ಟಿದ್ದಳು.”

ಪ್ರೀತಿಕಾ ನನ್ನನ್ನೇ ನೋಡಿದಳು. “ಮಾವ, ನಿಮಗೆ ಇಷ್ಟು ಕೆಟ್ಟದಾಗಿ ಸುಳ್ಳು ಹೇಳ್ಲಿಕ್ಕೆ ಬರ್ತದೆ ಅಂತ ಗೊತ್ತಿರ್ಲಿಲ್ಲ” ಎಂದಳು.

“ನಿನ್ನ ಕೆಲಸ ನೋಡು” ಎಂದು ಸಹಿ ಹಾಕಿ ಬಂದೆ.

ಮನೆಗೆ ಬರುವುದರೊಳಗೆ ಅವಳು ಅತ್ತೆಗೆ ಫೋನ್ ಮಾಡಿ ಆಗಿತ್ತು. ದಮಯಂತಿ ಅಡುಗೆಮನೆಯ ಹೊಸ್ತಿಲಿನಲ್ಲಿ ಕೂತಿದ್ದಳು. ಕಮಿಷನ್ ಕಡಿಮೆಯಾಗಿಯೇ ಇರಲಿಲ್ಲ ಎಂಬುದೂ ಅವಳಿಗೆ ತಿಳಿದಿತ್ತು. ನಾನು ಕೆಳಗೆ ಕೂತೆ. ರೂಪೇಶ್ ಹೇಳಿದ್ದನ್ನೆಲ್ಲ ಹೇಳಿದೆ, ಒಂದೂ ಸೇರಿಸಲಿಲ್ಲ.

“ಒಳ್ಳೆಯದೇ ಆಯ್ತು” ಎಂದಳು. “ಅವಳ ಮಗನಿಗೆ ನಿದ್ದೆ ಬಂತು. ನಾನು ಆರು ತಿಂಗಳು ಗಂಜಿ ಕುಡಿದೆ. ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ? ನಾನು ಬೇಡ ಹೇಳ್ತಿದ್ದೆನಾ?”

ಹೇಳುತ್ತಿದ್ದಳೋ ಏನೋ. ನನಗೆ ಗೊತ್ತಿಲ್ಲ. ಕೇಳಿದ್ದೇ ಇಲ್ಲವಲ್ಲ.

“ಈಗಾದ್ರೂ ಹೇಳಿ, ಎಷ್ಟು?”

“ಐದು...”

“ನಿಜ ಹೇಳಿ.”

ಎರಡು ಸಾವಿರ ಎಂದು ಈ ಪುಸ್ತಕದಲ್ಲಿಯೂ ಬರೆದೆ. ಬರೆಯುವಾಗಲೇ ಅದು ನಾಲ್ಕು ದಾಟಿತ್ತು. ಐದು ಎಂದದ್ದೂ ಹಾಗೆಯೇ. ಯಾರೂ ನೋಡದ ಪುಸ್ತಕದಲ್ಲಿ ಯಾಕೆ ಕಡಿಮೆ ಬರೆದೆ ಎಂದು ತಿಳಿಯುವುದಿಲ್ಲ.

“ಹದಿನಾರು ಸಾವಿರದ ಎಂಟುನೂರು” ಎಂದೆ.